ಕನ್ನಡ ಪಂಡಿತನೊಬ್ಬನ ಬೈಸಿಕಲ್ ಪ್ರಸಂಗ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಪ್ರಬಂಧವನ್ನು ಅವರು ನನ್ನಿಂದ ನಿರೀಕ್ಷಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಹಿಂದಿನ ಸಂಚಿಕೆಗಳಿಗೆ ನಾನು ಅಂಥವನ್ನೇ ಕೊಟ್ಟಿದ್ದೇನೆ. ಅವುಗಳನ್ನು ಓದಿದವರಿಗಿಂತ ‘ಓದಿದೆವು’ ಎಂದು ಹೇಳಿದವರ ಸಂಖ್ಯೆಯೇ ಹೆಚ್ಚೆಂಬುದೂ ನನಗೆ ತಿಳಿದ ವಿಷಯವೇ. ಈ ಸಲ ಆ ದಾರಿಯನ್ನು ಬಿಟ್ಟು, ಐವತ್ತು ದಾಟಿದ ಮೇಲೆ ಬೈಸಿಕಲ್ಲನ್ನೇರಿ ಮಲೆನಾಡಿನ ರಸ್ತೆಯಲ್ಲಿ ನಾನು ಪಟ್ಟ ಪಾಡನ್ನೂ, ನೀರಿನಲ್ಲಿ ಕಲಿತ ಪಾಠವನ್ನೂ ನಿವೇದಿಸಿಕೊಳ್ಳುತ್ತೇನೆ. ‘ಪಂಡಿತರಿಗೆ ಇದೇಕೆ?’ ಎಂದು ಹುಬ್ಬೇರಿಸುವ ಸಹೃದಯರು ಕೊನೆಯವರೆಗೆ ಓದಿ, ಆಮೇಲೆ ತೀರ್ಪು ಕೊಡಬೇಕೆಂದು ಪ್ರಾರ್ಥನೆ. ಕೊನೆಯಲ್ಲಿ ಸಂಸ್ಥೆಯ ಹಿತೈಷಿಗಳಲ್ಲಿ ಒಂದು ಅರಿಕೆಯೂ ಇದೆ.

ಬೈಸಿಕಲ್ಲು ನನಗೆ ಹೊಸ ವಸ್ತುವೇನಲ್ಲ. ನನ್ನ ತಂದೆಯವರು ವೀಳ್ಯದೆಲೆಯ ಪೆಂಡಿಗಳನ್ನು ಸಂತೆಗೆ ಸಾಗಿಸುವುದಕ್ಕಾಗಿ 1981ರಲ್ಲಿ ಹಳೆಯದೊಂದನ್ನು ಕೊಂಡು ತಂದರು. ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯುವ ಒಳಪೆಡಲಿನ ವಿದ್ಯೆಯನ್ನು ನಾನು ಅದರ ಮೇಲೆಯೇ ಕಲಿತೆ. ಮೊಣಕಾಲಿನ ಮೇಲಿನ ಎರಡು ಕಲೆಗಳು ಆ ಗುರುಕುಲವಾಸದ ಪ್ರಮಾಣಪತ್ರಗಳಾಗಿ ಇಂದಿಗೂ ಉಳಿದಿವೆ. ಮುಂದೆ ವಿದ್ವತ್ ಪಾಠವನ್ನು ಮುಗಿಸಿ, ನಾನು ಓದಿದ ಈ ಶಾಲೆಯಲ್ಲಿಯೇ ಕನ್ನಡ ಪಂಡಿತನಾಗಿ ಸೇರಿದ ಮೇಲೆ ಕೆಲವು ವರ್ಷ ಅದೇ ಬಂಡಿಯಲ್ಲಿ ಓಡಾಡಿದೆ. ಅನಂತರ ಸ್ಕೂಟರು ಬಂದಿತು. ಬೈಸಿಕಲ್ಲು ಕೊಟ್ಟಿಗೆಯ ತೊಲೆಗೆ ತೂಗುಬಿದ್ದಿತು. ನನ್ನ ಹೊಟ್ಟೆ ಮುಂದಕ್ಕೆ ಬಂದಿತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಕಾಡಿನ ನಾಡಿಗೆ ಬಂದ ಬೈಸಿಕಲ್ಲು ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಇದನ್ನು ಅಪಭ್ರಂಶವೆಂದು ನಗಬಾರದೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಬೀಸುವ ಕಲ್ಲೂ ತಿರುಗುತ್ತದೆ, ಗಾಲಿಯೂ ತಿರುಗುತ್ತದೆ; ಕಿವಿಗೆ ಬಿದ್ದ ಅನ್ಯಶಬ್ದಕ್ಕೆ ನಾಡವರು ತಮ್ಮ ಮನೆಯ ಅರ್ಥವೊಂದನ್ನು ಉಡಿಸಿ ಬರಮಾಡಿಕೊಂಡರು. ಇಷ್ಟನ್ನು ರಸವತ್ತಾಗಿ ವಿವರಿಸುತ್ತಿದ್ದ ಪಂಡಿತನ ಸ್ವಂತ ಬೀಸೆಕಲ್ಲು ಮಾತ್ರ ಹದಿನೇಳು ವರ್ಷ ಜೇಡರಬಲೆಯ ನಡುವೆ ತೂಗುತ್ತಿದ್ದಿತು.

ಅದನ್ನು ಕೆಳಗಿಳಿಸಿದ ಕಾರಣವನ್ನು ಹೇಳುತ್ತೇನೆ. ಕುಮಾರವ್ಯಾಸನ ಭಾರತವು ಭಾಮಿನೀ ಷಟ್ಪದಿಯಲ್ಲಿದೆ. ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬರುವ ಆ ಬಂಧದಲ್ಲಿ ಮೊದಲೆರಡು ಪಾದಗಳಿಗೆ ಹದಿನಾಲ್ಕು ಹದಿನಾಲ್ಕು, ಮೂರನೆಯದಕ್ಕೆ ಇಪ್ಪತ್ತಮೂರು, ಅಂತೂ ಪೂರ್ವಾರ್ಧಕ್ಕೆ 51 ಮಾತ್ರೆಗಳು. ಅಷ್ಟನ್ನೂ ಒಂದೇ ಉಸಿರಿನಲ್ಲಿ ವಾಚಿಸಬೇಕೆಂಬುದು ನನ್ನ ಗುರುಗಳ ಕಟ್ಟಪ್ಪಣೆಯಾಗಿದ್ದಿತು. ಇಪ್ಪತ್ತೆಂಟು ವರ್ಷ ಅದನ್ನು ನಡೆಸಿಕೊಂಡು ಬಂದೆ. 2021ರ ಕೊನೆಯಲ್ಲಿ, ಒಂದು ದಿನ ಮಹಡಿಯ ಮೆಟ್ಟಿಲುಗಳನ್ನು ಹತ್ತಿ ಹೋಗಿ ಹತ್ತನೆಯ ತರಗತಿಯ ಮುಂದೆ ವಾಚನಕ್ಕೆ ತೊಡಗಿದಾಗ, ಮೂರನೆಯ ಪಾದದ ನಡುವೆ ಉಸಿರು ಕಡಿಯಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಅಲ್ಲಿಯೇ ಕಡಿಯಿತು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬನು ಎದ್ದು ಹೋಗಿ ಒಂದು ಲೋಟ ನೀರನ್ನು ತಂದು ಮೇಜಿನ ಮೇಲಿಟ್ಟನು. ಅವರು ನಕ್ಕಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ವೈದ್ಯರು ಪರೀಕ್ಷಿಸಿ, ತೂಕ 84 ಕಿಲೋ ಆಗಿದೆಯೆಂದೂ ರಕ್ತದಲ್ಲಿ ಸಕ್ಕರೆ ಮಿತಿಮೀರಿದೆಯೆಂದೂ ಹೇಳಿ, ಗುಳಿಗೆಗಳನ್ನು ಬರೆದುಕೊಟ್ಟರು. “ಪಂಡಿತರೇ, ದೋಷವಿರುವುದು ಕಾವ್ಯದಲ್ಲಲ್ಲ, ಕಾಯದಲ್ಲಿ, ದಿನವೂ ದೇಹವನ್ನು ದುಡಿಸಿ” ಎಂದರು. ಅಂದೇ ಸಂಜೆ ಬೈಸಿಕಲ್ಲನ್ನು ತೊಲೆಯಿಂದ ಇಳಿಸಿದೆ. ಹೊಸ ಟೈರು, ಹೊಸ ಸರಪಣಿ, ಹೊಸ ಬ್ರೇಕಿನ ತುಂಡುಗಳು ಬಂದವು. ಮೊದಲ ದಿನ ಊರ ಹೊರಗಿನ ದಿಬ್ಬದವರೆಗೆ ಎರಡು ಕಿಲೋಮೀಟರು. ಮೂರು ತಿಂಗಳಲ್ಲಿ ಇಪ್ಪತ್ತು. ವರ್ಷ ಮುಗಿಯುವುದರೊಳಗಾಗಿ ರಜೆಯ ದಿನಗಳಲ್ಲಿ ಅರುವತ್ತು, ಎಪ್ಪತ್ತು.

ಆ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಶಿವಮೊಗ್ಗದಲ್ಲಿ ಉದ್ಯೋಗದಲ್ಲಿರುವ ಆತ ಒಳ್ಳೆಯ ಸವಾರ, ಒಳ್ಳೆಯ ಈಜುಗಾರ. ಹೆಸರನ್ನು ಅಚ್ಚು ಹಾಕಿಸಬಾರದೆಂದು ಕೇಳಿಕೊಂಡಿರುವುದರಿಂದ ‘ಶಿಷ್ಯ’ನೆಂದೇ ಕರೆಯುತ್ತೇನೆ. ಅವನು ‘ಬ್ರೆವೆ’ ಎಂಬ ಸವಾರಿಯ ವಿಷಯವನ್ನು ತಿಳಿಸಿದನು. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ ಪ್ರಮಾಣಪತ್ರವೆಂದು ಅರ್ಥ. 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಗಳಲ್ಲಿ, 300ನ್ನು ಇಪ್ಪತ್ತರಲ್ಲಿ, 400ನ್ನು ಇಪ್ಪತ್ತೇಳರಲ್ಲಿ, 600ನ್ನು ನಲವತ್ತರಲ್ಲಿ ಮುಗಿಸಬೇಕು. ಊಟಕ್ಕೆ ಕುಳಿತರೂ ನಿದ್ರೆಗೆ ಒರಗಿದರೂ ಗಡಿಯಾರ ನಿಲ್ಲುವುದಿಲ್ಲ. ದಾರಿಯಲ್ಲಿ ಗೊತ್ತಾದ ಠಾಣೆಗಳಲ್ಲಿ ಕೈಚೀಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಠಾಣೆಗಳ ನಡುವೆ ಹಿಂಬಾಲಕರ ವಾಹನದಿಂದ ಸಹಾಯ ಪಡೆಯಕೂಡದು. ಗಾಲಿ ತೂತಾದರೆ ತಾನೇ ಸರಿಪಡಿಸಿಕೊಳ್ಳಬೇಕು. ಎಲ್ಲಕ್ಕಿಂತ ನನ್ನನ್ನು ಸೆಳೆದ ನಿಯಮವೆಂದರೆ, ಇಲ್ಲಿ ಪ್ರಥಮ, ದ್ವಿತೀಯ ಎಂಬ ಸ್ಥಾನಗಳಿಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲರೂ ಸಮಾನರು. ಪ್ರತಿವರ್ಷ ಅಂಕಪಟ್ಟಿಗಳನ್ನು ಬರೆದು ಬೇಸತ್ತಿದ್ದ ಉಪಾಧ್ಯಾಯನಿಗೆ ಇದು ಬೇರೊಂದು ಲೋಕದ ಧರ್ಮಶಾಸ್ತ್ರದಂತೆ ಕಂಡಿತು.

ಈ ಪದ್ಧತಿಯ ಹಿಂದೆ ದೀರ್ಘವಾದ ಚರಿತ್ರೆಯಿದೆ. ಪ್ಯಾರಿಸ್ ನಗರದಿಂದ ಕಡಲಂಚಿನ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರುಗಳ ಪಂದ್ಯವು 1891ರಲ್ಲಿ ಮೊದಲ ಸಲ ನಡೆಯಿತು. ಅದನ್ನು ಗೆದ್ದ ಶಾರ್ಲ್ ತೆರೋಂ 71 ಗಂಟೆ 22 ನಿಮಿಷಗಳನ್ನು ತೆಗೆದುಕೊಂಡನು. ಇಂದು ಅದು ಪಂದ್ಯವಾಗಿ ಉಳಿದಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ಹವ್ಯಾಸಿಗಳು ಕೈಗೊಳ್ಳುವ, ಗರಿಷ್ಠ ತೊಂಬತ್ತು ಗಂಟೆಗಳ ಯಾತ್ರೆಯಾಗಿದೆ. 2023ರ ಆಗಸ್ಟಿನಲ್ಲಿ ನಡೆದ ಯಾತ್ರೆಯಲ್ಲಿ ಭಾರತೀಯರೂ ಗಣನೀಯ ಸಂಖ್ಯೆಯಲ್ಲಿದ್ದರು. 1904ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್ಬು ಈ ಬ್ರೆವೆಗಳ ನಿಯಮಗಳನ್ನು ಪಾಲಿಸಿಕೊಂಡು ಬಂದಿದೆ. ‘ಔಡಾಕ್ಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಾಹಸಿ ಎಂದರ್ಥ.

ಸಾಹಸಕ್ಕೂ ದುಸ್ಸಾಹಸಕ್ಕೂ ನಡುವೆ ಒಂದು ಉಪಸರ್ಗ ಮಾತ್ರ ಅಡ್ಡವಿದೆಯೆಂಬುದನ್ನು ನಾನು ಕಲಿತದ್ದು 2022ರ ಡಿಸೆಂಬರಿನಲ್ಲಿ. ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಆಗುಂಬೆಗಳ ಮೇಲೆ ಹಾದು, ಘಟ್ಟವಿಳಿದು ಸೋಮೇಶ್ವರವನ್ನು ಮುಟ್ಟಿ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಒಟ್ಟು ದೂರ ಇನ್ನೂರಕ್ಕೆ ತುಸು ಮಿಗಿಲು. ಗೇರುಗಳುಳ್ಳ ಬೈಸಿಕಲ್ಲನ್ನು ಕೊಡುವುದಾಗಿ ಶಿಷ್ಯನು ಹೇಳಿದನು. ನಾನು ಒಪ್ಪಲಿಲ್ಲ. ತಂದೆಯವರ ಬಂಡಿಯಲ್ಲಿಯೇ ಹೋಗುವೆನೆಂದು ಹಟ ಹಿಡಿದೆ. ಅದು ಪಿತೃಭಕ್ತಿಯೆಂದು ಅಂದು ನಂಬಿದ್ದೆ. ಗೇರುಳ್ಳ ಬಂಡಿಯವರನ್ನು ಗೇರಿಲ್ಲದ ಬಂಡಿಯಲ್ಲಿ ಹಿಂದಿಕ್ಕಿದ ಪಂಡಿತನೆಂಬ ಹೊಗಳಿಕೆಯ ಆಸೆಯೇ ಅದರ ತಿರುಳೆಂದು ಇಂದು ತೋರುತ್ತದೆ.

ಬೆಳಗಿನ ಆರು ಗಂಟೆಗೆ ಕತ್ತಲೆಯಲ್ಲಿಯೇ ಹೊರಟೆವು. ದೀಪ, ಹೊಳೆಯುವ ಮೇಲಂಗಿ, ಶಿರಸ್ತ್ರಾಣಗಳು ಕಡ್ಡಾಯ. ಪಂಚೆಯ ಮನುಷ್ಯನಾದ ನಾನು ಆ ವೇಷದಲ್ಲಿ ನನ್ನನ್ನೇ ಗುರುತಿಸಲಾರದೆ ಹೋದೆ. ಗಾಜನೂರಿನ ಬಳಿ ತುಂಗೆಯ ಮೇಲೆ ಮಂಜು ಹಾಸಿಕೊಂಡಿದ್ದಿತು. ಸಕ್ರೆಬೈಲಿನ ಆನೆಯ ಬಿಡಾರವನ್ನು ದಾಟುವಾಗ ಮರಗಳ ನಡುವೆ ಬೆಳಕು ಒಡೆಯಿತು. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯನ್ನು ಹಿಂದಿಕ್ಕಿ ಮುಂದೆ ಹೋದಂತೆ, ಅಂಗಳಗಳಲ್ಲಿ ಅಡಿಕೆ ಬೇಯಿಸುವ ಹಂಡೆಗಳ ಒಗರು ವಾಸನೆ ರಸ್ತೆಯವರೆಗೂ ಬರುತ್ತಿದ್ದಿತು. ತರುಣರೊಡನೆ ಸರಿಸಮನಾಗಿ ತುಳಿದು ತೀರ್ಥಹಳ್ಳಿಯನ್ನು ಸೇರಿದಾಗ ನನ್ನ ಹೆಮ್ಮೆಗೆ ಪಾರವಿರಲಿಲ್ಲ. ಅವರು ಕುಳಿತು ಇಡ್ಲಿ ತಿಂದರು. ನಾನು ಹೊತ್ತು ಉಳಿಸುವ ನೆವದಿಂದ ಒಂದು ಲೋಟ ಕಾಫಿ ಕುಡಿದು ಮುಂದೆ ಹೊರಟೆ.

ಮೇಗರವಳ್ಳಿಯನ್ನು ದಾಟಿದ ಮೇಲೆ ಕಾಲುಗಳು ಮಾತು ಕೇಳದಾದವು. ಶರೀರದಲ್ಲಿ ಕೂಡಿಟ್ಟ ಪಿಷ್ಟದ ದಾಸ್ತಾನು ಕೆಲವು ಗಂಟೆಗಳ ಕಷ್ಟದ ದುಡಿಮೆಗೆ ಮಾತ್ರ ಸಾಕಾಗುತ್ತದೆ. ದಾರಿಯುದ್ದಕ್ಕೂ ತುಸುತುಸುವೇ ತಿನ್ನುತ್ತಿರದಿದ್ದರೆ ಬುತ್ತಿ ಬರಿದಾಗಿ ಕೈಕಾಲು ನಡುಗುತ್ತವೆ, ಬುದ್ಧಿ ಮಂಕಾಗುತ್ತದೆ. ಸಕ್ಕರೆಯ ರೋಗವಿದ್ದು ಗುಳಿಗೆ ನುಂಗುವವರಿಗೆ ಇದು ಇನ್ನೂ ಅಪಾಯಕರ. ವೈದ್ಯರು ಮೊದಲೇ ಎಚ್ಚರಿಸಿದ್ದರೂ ಹೆಮ್ಮೆಯಲ್ಲಿ ಮರೆತೆ. ಆಗುಂಬೆಯಲ್ಲಿ ಬಾಳೆಹಣ್ಣು ತಿಂದು ಚೇತರಿಸಿಕೊಂಡು, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಟ್ಟವನ್ನು ಬ್ರೇಕು ಬಿಗಿಹಿಡಿದು ಇಳಿದೆ. ಸೋಮೇಶ್ವರದ ಠಾಣೆಯಲ್ಲಿ ಮುದ್ರೆ ಬಿದ್ದಾಗ 12 ಗಂಟೆ 40 ನಿಮಿಷ. ಠಾಣೆ ಮುಚ್ಚಲು ಇಪ್ಪತ್ತೇ ನಿಮಿಷ ಉಳಿದಿದ್ದವು.

ಹತ್ತುವಾಗ ತಿಳಿಯಿತು, ಯಂತ್ರದ ಲೆಕ್ಕ ಎಂಥದೆಂದು. ನನ್ನ ಬಂಡಿಯ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡೂವರೆಯಷ್ಟು ಸುತ್ತುತ್ತದೆ. ಬಯಲಿನಲ್ಲಿ ಅದು ವರ, ಘಟ್ಟದಲ್ಲಿ ಶಾಪ. ಮೊದಲನೆಯ ತಿರುವಿನಲ್ಲಿಯೇ ಇಳಿದು ತಳ್ಳತೊಡಗಿದೆ. ಆಗುಂಬೆಗೆ ಮರಳಿ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಅಲ್ಲಿಂದ ಶಿವಮೊಗ್ಗೆಗೆ ಸುಮಾರು 95 ಕಿಲೋಮೀಟರು. ಉಳಿದಿದ್ದುದು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸಾಧ್ಯವಿಲ್ಲವೆಂದು ಗೊತ್ತಾಗಿಯೂ ತುಳಿದೆ. ಏಳೂವರೆಯ ಗಡುವು ಮೀರಿ ಎರಡು ಗಂಟೆಗಳಾದ ಮೇಲೆ ಊರನ್ನು ಮುಟ್ಟಿದಾಗ, ಆರಂಭದ ಸ್ಥಳದಲ್ಲಿ ಶಿಷ್ಯನೊಬ್ಬನೇ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದನು. ಅವನ ಪಕ್ಕದಲ್ಲಿ ಒಂದು ಪೊಟ್ಟಣ ಉಪ್ಪಿಟ್ಟು ಇದ್ದಿತು. ನನ್ನ ಕೈಚೀಟಿ ಮಾನ್ಯವಾಗಲಿಲ್ಲ. ಅವನು ಉಪದೇಶವನ್ನೂ ಮಾಡಲಿಲ್ಲ.

ಮರುವರ್ಷ ಅವನು ಕೊಟ್ಟ ಬಂಡಿಯನ್ನೇ ತೆಗೆದುಕೊಂಡೆ. ಅದರಲ್ಲಿ ಮುಂದೆ 34, ಹಿಂದೆ 34 ಹಲ್ಲುಗಳ ಜೋಡಿಯೊಂದಿದೆ. ಪೆಡಲಿನ ಒಂದು ಸುತ್ತಿಗೆ ಗಾಲಿಯದೂ ಒಂದೇ ಸುತ್ತು. ವೇಗ ಕಡಿಮೆ, ಆದರೆ ಕಾಲು ಸೋಲುವುದಿಲ್ಲ. ಅರ್ಧ ಗಂಟೆಗೊಮ್ಮೆ ಕಿಸೆಯಿಂದ ಖರ್ಜೂರವನ್ನೋ ಬಾಳೆಹಣ್ಣನ್ನೋ ತಿಂದೆ. ಘಟ್ಟವನ್ನೇರುವಾಗ ಬಹುಕಾಲದ ಅಭ್ಯಾಸದಿಂದ ಭಾಮಿನಿಯ ನಡೆಯನ್ನು ಮನಸ್ಸಿನಲ್ಲಿ ಗುನುಗಿದೆ. ಮೂರು ನಾಲ್ಕರ ಆ ನಡೆಗೆ ಎಡಬಲ ಕಾಲುಗಳು ಹೊಂದದೆ ತಪ್ಪಿದವು. ಅದನ್ನು ಬಿಟ್ಟು ನಾಲ್ಕು ಮಾತ್ರೆಗಳ ಗಣಗಳಿಂದಾದ ಮಂದಾನಿಲ ರಗಳೆಯ ನಡೆಯನ್ನು ಹಿಡಿದೆ. ಎರಡು ಕಾಲಿನ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಮೆಲುಗಾಳಿಯೆಂಬ ಹೆಸರಿನ ಛಂದಸ್ಸು ನನ್ನನ್ನು ಘಟ್ಟಕ್ಕೆ ಏರಿಸಿತೆಂದರೆ ನನ್ನ ಗುರುಗಳು ಏನೆನ್ನುತ್ತಿದ್ದರೋ ತಿಳಿಯದು. ಒಂಬತ್ತನೆಯ ತಿರುವಿನಲ್ಲಿ ಸಿಂಗಳೀಕಗಳ ಹಿಂಡೊಂದು ರಸ್ತೆಯನ್ನು ದಾಟುತ್ತಿದ್ದುದರಿಂದ ಕಾಲೂರಿ ನಿಂತೆ, ಬೇರೆಲ್ಲಿಯೂ ನಿಲ್ಲಲಿಲ್ಲ. ಒಂದು ಗಂಟೆಗೆ ಆಗುಂಬೆ. ಸಂಜೆ ಏಳು ಗಂಟೆ ಎಂಟು ನಿಮಿಷಕ್ಕೆ ಶಿವಮೊಗ್ಗೆ. ಗಡುವಿಗೆ ಇಪ್ಪತ್ತೆರಡು ನಿಮಿಷಗಳು ಮಿಕ್ಕಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಆತ್ಮಪ್ರಶಂಸೆಯ ಲೇಖನವಾಗಿ ಮುಗಿಯುತ್ತಿದ್ದಿತು. ಆದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗ ಶಿಷ್ಯನು, “ಗುರುಗಳೇ, ಇನ್ನು ಟ್ರಯಾಥ್ಲಾನ್ ಮಾಡಬಹುದು” ಎಂದನು. ಗ್ರೀಕ್ ಮೂಲದ ಆ ಶಬ್ದದ ಮೊದಲ ಭಾಗವು ನಮ್ಮ ‘ತ್ರಿ’ಗೆ ಸೋದರ ಸಂಬಂಧಿ. ಈಜು, ಬೈಸಿಕಲ್ಲು, ಓಟಗಳನ್ನು ಒಂದರ ಬೆನ್ನಿಗೊಂದರಂತೆ ಮುಗಿಸುವುದು ಅದರ ಸ್ವರೂಪ. ನಡುವೆ ಉಡುಪು ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ 1974ರ ಸೆಪ್ಟೆಂಬರ್ 25ರಂದು 46 ಮಂದಿ ಹವ್ಯಾಸಿಗಳಿಂದ ಇದು ಆರಂಭವಾಯಿತು. 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸವಾರಿ, 42 ಕಿಲೋಮೀಟರಿಗೆ ಮೀರಿದ ಓಟ ಇವುಗಳನ್ನು ಕೂಡಿಸಿದ ‘ಐರನ್‌ಮ್ಯಾನ್’ ನಡೆದಾಗ ಹೊರಟವರು ಹದಿನೈದು ಮಂದಿ, ಮುಗಿಸಿದವರು ಹನ್ನೆರಡು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಾಥ್ಲಾನ್ ಮೊದಲ ಬಾರಿಗೆ ಸ್ಥಾನ ಪಡೆಯಿತು. ನಮ್ಮಂಥವರಿಗೆಂದೇ ‘ಸ್ಪ್ರಿಂಟ್’ ಎಂಬ ಕಿರಿಯ ರೂಪವೂ ಇದೆ: 750 ಮೀಟರು ಈಜು, 20 ಕಿಲೋಮೀಟರು ಸವಾರಿ, 5 ಕಿಲೋಮೀಟರು ಓಟ.

ಸವಾರಿಗೆ ಹೆದರಲಿಲ್ಲ, ಓಟಕ್ಕೂ ಹೆದರಲಿಲ್ಲ. ಈಜು ಎಂದೊಡನೆ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ಇದುವರೆಗೆ ಎಲ್ಲಿಯೂ ಬರೆಯದ ಎರಡು ಸಂಗತಿಗಳನ್ನು ಇಲ್ಲಿ ಬರೆಯಬೇಕಾಗಿದೆ.

ಒಂದನೆಯದು 1983ರ ಬೇಸಿಗೆಯದು. ರಜೆಯಲ್ಲಿ ನಾವು ಐವರು ಹುಡುಗರು ನಮ್ಮೂರಿನ ಕೆರೆಗೆ ಹೋಗಿದ್ದೆವು. ನೀರು ಮೊಣಕಾಲಿನವರೆಗೆ ಮಾತ್ರ ಕಾಣುತ್ತಿದ್ದಿತು. ಆದರೆ ಹೊಲಗಳಿಗೆ ಗೋಡು ತೆಗೆದ ಗುಂಡಿಗಳು ನೀರಿನಡಿಯಲ್ಲಿದ್ದವು. ನಮ್ಮಲ್ಲೊಬ್ಬನು, ನನ್ನ ಪಕ್ಕದ ಆಸನದಲ್ಲಿ ಕೂರುತ್ತಿದ್ದವನು, ನಾಲ್ಕು ಹೆಜ್ಜೆ ಮುಂದೆ ಹೋಗಿ ಮುಳುಗಿದನು. ಅವನ ಕೈ ಎರಡು ಬಾರಿ ಮೇಲೆ ಬಂದಿತು. ನಾವು ನಾಲ್ವರೂ ಈಜು ಬಾರದವರು. ದಡದಲ್ಲಿ ನಿಂತು ಕೂಗಿದೆವು. ದೂರದ ಹೊಲದಿಂದ ಜನರು ಓಡಿ ಬರುವ ಹೊತ್ತಿಗೆ ಎಲ್ಲವೂ ಮುಗಿದಿದ್ದಿತು. ಆಗ ನಮ್ಮ ನಾಲ್ವರ ಹೆಗಲ ಮೇಲೂ ಟವೆಲುಗಳಿದ್ದವು. ಅವುಗಳನ್ನು ಗಂಟು ಹಾಕಿ ಎಸೆದಿದ್ದರೆ ಅವನ ಕೈಗೆ ನಿಲುಕುತ್ತಿದ್ದವೆಂಬುದು ನನಗೆ ಹೊಳೆದದ್ದು ನಲವತ್ತೊಂದು ವರ್ಷಗಳ ಅನಂತರ.

ಎರಡನೆಯದು 2001ರದು. 1996ರಿಂದ ಹನ್ನೆರಡು ವರ್ಷ ನಾನು ವಿದ್ಯಾರ್ಥಿ ನಿಲಯದ ಮೇಲ್ವಿಚಾರಕನಾಗಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. ‘ಕೆರೆಯ ಕಡೆ ತಲೆಹಾಕಿದರೆ ಬೆನ್ನು ಉಳಿಯುವುದಿಲ್ಲ’ ಎಂಬ ನನ್ನ ಕಟ್ಟಳೆಯನ್ನೂ ಬಲ್ಲರು. ಆ ವರ್ಷ ಎಂಟನೆಯ ತರಗತಿಯ ಹುಡುಗನೊಬ್ಬನು ಇನ್ನಿಬ್ಬರಿಗೆ ಕೆರೆಯಲ್ಲಿ ಈಜು ಕಲಿಸುತ್ತಿದ್ದಾಗ ಸಿಕ್ಕಿಬಿದ್ದನು. ಬೆತ್ತದಿಂದ ಹೊಡೆದೆ. ಸಾಲದೆಂಬಂತೆ, ‘ನಾನು ಕೆರೆಗೆ ಇಳಿಯುವುದಿಲ್ಲ’ ಎಂದು ನೂರು ಸಲ ಬರೆಯಿಸಿದೆ. ಅದರಲ್ಲಿಯೂ ‘ಇಲಿಯುವುದಿಲ್ಲ’ ಎಂದು ಬರೆದ ಕಡೆಗಳಲ್ಲೆಲ್ಲ ಕೆಂಪುಶಾಯಿಯಿಂದ ತಿದ್ದಿದೆ. ಆ ಹುಡುಗನೇ ಈ ಶಿಷ್ಯ. ಹೊಡೆದವನು ಮರೆತಿದ್ದೆ, ಹೊಡೆಸಿಕೊಂಡವನು ಮರೆತಿರಲಿಲ್ಲ. ಆದರೂ ಉಪ್ಪಿಟ್ಟಿನ ಪೊಟ್ಟಣವನ್ನಿಟ್ಟುಕೊಂಡು ರಾತ್ರಿ ಒಂಬತ್ತೂವರೆಯವರೆಗೆ ಕಾದಿದ್ದನು.

ಅಂದು ಊಟದ ಮುಂದೆ ಕುಳಿತು 1983ರ ಕಥೆಯನ್ನು ಅವನಿಗೆ ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ನಮಗೆ ಅಂದೇ ಇದನ್ನು ಹೇಳಿದ್ದರೆ ಬೆತ್ತ ಬೇಕಾಗುತ್ತಿರಲಿಲ್ಲವಲ್ಲ, ಗುರುಗಳೇ” ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ಇಂದೂ ಇಲ್ಲ.

2024ರ ಬೇಸಿಗೆಯಲ್ಲಿ ನಗರದ ಈಜುಕೊಳವೊಂದರ ಆಳವಿಲ್ಲದ ಬದಿಯಲ್ಲಿ ನನ್ನ ವಿದ್ಯಾರಂಭವಾಯಿತು. ಮೆಟ್ಟಿಲಿನ ಮೇಲೆ ನಿಂತು ನಾನು ನಡುಗುತ್ತಿದ್ದುದನ್ನು ಕಂಡು ಶಿಷ್ಯನು ನಕ್ಕು, “ಈಗ ‘ನಾನು ಕೆರೆಗೆ ಇಳಿಯುತ್ತೇನೆ’ ಎಂದು ನೂರು ಸಲ ಬರೆಯಬೇಕು, ಳಕಾರ ತಪ್ಪಬಾರದು” ಎಂದನು. ಮೊದಲ ವಾರ ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದು, ಮೇಲೆತ್ತಿ ಎಳೆದುಕೊಳ್ಳುವುದು, ಇಷ್ಟೇ ಪಾಠ. ಹೆದರಿದವನು ಉಸಿರನ್ನು ಕಟ್ಟಿ ಹಿಡಿಯುತ್ತಾನೆ, ಮೈ ಸೆಟೆಯುತ್ತದೆ, ದಣಿದು ಮುಳುಗುತ್ತಾನೆ, ಬಿಡಬಲ್ಲವನು ತೇಲುತ್ತಾನೆ. ಪದ್ಯದಲ್ಲಿ ಯತಿ ಎಲ್ಲಿ ಬರಬೇಕೆಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ನೀರಿನ ಯತಿಸ್ಥಾನ ತಿಳಿಯಲು ನಲವತ್ತು ದಿನ ಬೇಕಾದವು. ಆಮೇಲೆ ಅಂಗಾತ ತೇಲುವುದು ಬಂದಿತು. ಅದು ಬಂದ ದಿನ ಕೊಳದಿಂದ ಹೊರಬಂದು ಒಬ್ಬನೇ ಕುಳಿತು ಅತ್ತೆ. ಮುಳುಗುವವನಿಗೆ ದಡದಿಂದ ಟವೆಲು, ಹಗ್ಗ, ಬಿದಿರು, ಬರಿಗೊಡ ಯಾವುದನ್ನಾದರೂ ಎಸೆಯಬೇಕು ಅಥವಾ ಚಾಚಬೇಕು. ತರಬೇತಿಯಿಲ್ಲದವನು ತಾನೇ ಹಾರಬಾರದು ಎಂಬ ಸೂತ್ರವನ್ನೂ ಅಂದೇ ಅವನು ಹೇಳಿಕೊಟ್ಟದ್ದು.

2025ರ ಫೆಬ್ರವರಿಯಲ್ಲಿ ಮಲೆನಾಡಿನ ಅಂಚಿನ ಕೆರೆಯೊಂದರಲ್ಲಿ ಹವ್ಯಾಸಿಗಳು ಕೂಡಿ ಏರ್ಪಡಿಸಿದ್ದ ಸ್ಪ್ರಿಂಟ್ ಸ್ಪರ್ಧೆಯಲ್ಲಿ ನೀರಿಗಿಳಿದೆ. ಹಗ್ಗದ ಸಾಲು, ತೇಲುಗುಂಡುಗಳು, ದೋಣಿಗಳಲ್ಲಿ ರಕ್ಷಕರು, ಎಲ್ಲವೂ ಇದ್ದವು. ಇನ್ನೂರು ಮೀಟರು ಹೋದ ಮೇಲೆ ಕಾಲಿಗೆ ಕಳೆಯ ಬಳ್ಳಿ ತಗುಲಿತು. ಅಷ್ಟೇ ಸಾಕಾಯಿತು. 1983ರ ಕೆರೆ, ಮೇಲೆ ಬಂದ ಕೈ, ಎಲ್ಲವೂ ಕಣ್ಣಿಗೆ ಕಟ್ಟಿ ಉಸಿರು ಕಡಿಯಿತು. ತರಗತಿಯಲ್ಲಿ ಕಡಿದಂತೆಯೇ. ಮುಂದಕ್ಕೆ ಸಾಗದೆ ತೇಲುಗುಂಡನ್ನು ಹಿಡಿದು ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಹಿಡಿದು, ಅಂಗಾತನಾಗಿ ಆಕಾಶವನ್ನು ನೋಡುತ್ತ ನಿಧಾನವಾಗಿ ಉಸಿರು ಬಿಟ್ಟೆ. ಎಷ್ಟು ಹೊತ್ತೆಂದು ತಿಳಿಯದು. ದೋಣಿಯವನು ಕೈಚಾಚಿದನು, ಬೇಡವೆಂದು ತಲೆಯಾಡಿಸಿ ಕೈ ಬಿಟ್ಟೆ. ದಡ ಸೇರಿದಾಗ ಮೂವತ್ತೊಂದು ನಿಮಿಷ. ಭತ್ತದ ಕೂಳೆ, ಅಡಿಕೆಯ ತೋಟ, ಸಣ್ಣ ಏರುಗಳ ನಡುವಣ ಇಪ್ಪತ್ತು ಕಿಲೋಮೀಟರುಗಳ ಸವಾರಿ ಹಬ್ಬದಂತೆ ಸಾಗಿತು. ಓಟದಲ್ಲಿ ಅರ್ಧಕ್ಕರ್ಧ ನಡೆದೆ. ಮುಗಿಸಿದಾಗ ನನ್ನ ಹಿಂದೆ ಇಬ್ಬರೇ ಉಳಿದಿದ್ದರು.

ಇನ್ನು ಅರಿಕೆ. 2021ರಲ್ಲಿ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗು ಸಾವುಗಳನ್ನು ತಡೆಯುವ ದಿನವೆಂದು ಸಾರಿತು. ಅದೇ ವರ್ಷ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಮಕ್ಕಳೂ ತರುಣರೂ ಬಹಳ. ಶಾಲೆಯ ವಯಸ್ಸಿನ ಮಕ್ಕಳಿಗೆ ಈಜನ್ನೂ ರಕ್ಷಣೆಯ ಕ್ರಮವನ್ನೂ ಕಲಿಸಬೇಕೆಂಬುದು ಆ ಸಂಸ್ಥೆಯ ಸಲಹೆಗಳಲ್ಲೊಂದು. ನಾನು ಮಾಡಿದುದು ಇದಕ್ಕೆ ತೀರ ವಿರುದ್ಧ. ನನ್ನ ಹೆದರಿಕೆಯನ್ನು ಕಟ್ಟಳೆಯನ್ನಾಗಿ ಮಾಡಿ ಹನ್ನೆರಡು ವರ್ಷ ಮಕ್ಕಳ ಮೇಲೆ ಹೇರಿದೆ. ಕೆರೆ, ಕಾಲುವೆ, ಬಾವಿಗಳಿರುವ ನಾಡಿನ ಮಕ್ಕಳು ನನ್ನ ನಿಲಯದಿಂದ ಈಜು ಬಾರದೆಯೇ ಹೊರಟುಹೋದರು. ಅವರೆಲ್ಲರ ಕ್ಷಮೆಯನ್ನು ಈ ಪುಟಗಳಲ್ಲಿ ಬೇಡುತ್ತೇನೆ.

ಆಡಳಿತ ಮಂಡಳಿಯವರು ಅನುಮತಿ ಕೊಟ್ಟುದರಿಂದ ಕಳೆದ ಬೇಸಿಗೆಯಲ್ಲಿ ಪೋಷಕರ ಒಪ್ಪಿಗೆ ಪಡೆದ ಹನ್ನೆರಡು ಮಕ್ಕಳಿಗೆ ಶಿಷ್ಯನು ರಜೆ ಹಾಕಿ ಬಂದು ಈಜು ಕಲಿಸಿದನು. ಅಮೃತಶಿಲೆಯ ಕೊಳವನ್ನು ನಾವು ಕೇಳುತ್ತಿಲ್ಲ. ತರಬೇತಿ ಪಡೆದ ಶಿಕ್ಷಕನೊಬ್ಬನ ಗೌರವಧನ, ನಗರದ ಕೊಳಕ್ಕೆ ಹೋಗಿಬರುವ ವಾಹನದ ವೆಚ್ಚ, ಹಗ್ಗಗಳು, ತೇಲುಬಳೆಗಳು, ರಕ್ಷಾಕವಚಗಳು ಇಷ್ಟಾದರೆ ಸಾಕು. ಕೊಠಡಿಗಳಿಗೂ ಪುಸ್ತಕಗಳಿಗೂ ಧಾರಾಳವಾಗಿ ಕೊಟ್ಟ ಮಹನೀಯರು ಇದನ್ನೂ ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.

ಕುಮಾರವ್ಯಾಸನ ವಿಷಯವನ್ನು ಹೇಳಿ ಮುಗಿಸುತ್ತೇನೆ. ತೂಕ 71 ಕಿಲೋಗೆ ಇಳಿದಿದೆ. ಗುಳಿಗೆಗಳು ಕಡಿಮೆಯಾಗಿವೆ, ನಿಂತಿಲ್ಲ. ಈ ವರ್ಷ ಮಹಡಿಯ ಅದೇ ತರಗತಿಯಲ್ಲಿ 51 ಮಾತ್ರೆಗಳ ಪೂರ್ವಾರ್ಧವನ್ನು ಒಂದೇ ಉಸಿರಿನಲ್ಲಿ ವಾಚಿಸಿದೆ. ಅಂದು ನೀರು ತಂದುಕೊಟ್ಟ ಹುಡುಗನು ಶಾಲೆ ಬಿಟ್ಟು ಬಹಳ ದಿನಗಳಾದವು. ಅವನ ತಮ್ಮನೀಗ ಎಂಟನೆಯ ತರಗತಿಯಲ್ಲಿದ್ದಾನೆ. ಬೇಸಿಗೆಯಲ್ಲಿ ಅಂಗಾತ ತೇಲಿದ ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬನು.